ಧೈರ್ಯ ತುಂಬಿ ಎನ್ನುವ ಪಾಲಕರಿಗೆ

ಜೂನ್‌ನಲ್ಲಿ ಶಾಲೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಬಸವನಗುಡಿಯ ನನ್ನ ಸಮಾಲೋಚನಾ ಕೊಠಡಿಗೆ ಪಾಲಕರು ಬರತೊಡಗುತ್ತಾರೆ. ‘ಮಗನನ್ನು ರೇಗಿಸುತ್ತಾರೆ ಮೇಡಂ, ಸ್ವಲ್ಪ ಧೈರ್ಯ ತುಂಬಿ.’ ಕಾಡಿಸುವವನ ಹೆಸರು, ವಿಭಾಗ, ಅವನಪ್ಪನ ಉದ್ಯೋಗ ಎಲ್ಲವೂ ಅವರಿಗೆ ಬಾಯಿಪಾಠ. ಆಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದರೆ ಮಾತ್ರ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಉಳಿದವರು ಸುಮ್ಮನೆ ನೋಡುತ್ತಿದ್ದರಂತೆ.’

ನನಗೆ ಬೇಕಾದವರು ಆ ಉಳಿದವರೇ! ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಕಾಡಿಸುವವನಿಗೆ ಪ್ರೇಕ್ಷಕರು ಬೇಕು. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲೇ ಅವರನ್ನು ವಿಂಗಡಿಸಿ ತೋರಿಸಿದ್ದಾರೆ: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ನೊಂದವನ ಪರ ನಿಲ್ಲುವವರು. ಶಾಲೆಗಳಲ್ಲಿ ಕಾಡಿಸುವುದನ್ನು ತಡೆಯಲು ಅಲ್ಲಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಕಾರ್ಯಕ್ರಮವೂ ತಿದ್ದಲು ಹೊರಡುವುದು ಇಡೀ ತರಗತಿಯನ್ನು.

ಗುರುತು ಸಿಗದಂತೆ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಹಾವೇರಿ ಕಡೆಯಿಂದ ಬಂದ ಆರನೆಯ ತರಗತಿಯ ಹುಡುಗ. ಶಾಲೆಯ ವ್ಯಾನಿನಲ್ಲಿ ಅವನು ‘ಹೌದ್ರಿ’ ಎಂದರೆ ಸಾಕು, ಹಿಂದಿನ ಸೀಟಿನಿಂದ ಹತ್ತು ‘ಹೌದ್ರಿ’ ಬರುತ್ತಿದ್ದವು. ತಂದೆ ಕರಾಟೆಗೆ ಸೇರಿಸಿದರು. ಹಳದಿ ಬೆಲ್ಟ್ ಬಂತು; ಹುಡುಗ ವ್ಯಾನಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಕೊನೆಗೆ ಶಿಕ್ಷಕಿಯೊಬ್ಬರು ಅದೇ ನಿಲ್ದಾಣದಲ್ಲಿ ಹತ್ತುವ ಇಬ್ಬರು ಹುಡುಗಿಯರನ್ನು ಕರೆದು, ಅವನಿಗೆ ಪಕ್ಕದಲ್ಲಿ ಜಾಗ ಹಿಡಿದಿಡಲು ಹೇಳಿದರು. ಉಪದೇಶವಿಲ್ಲ, ಪ್ರತಿಜ್ಞೆಯಿಲ್ಲ. ಬ್ಯಾಗಿಟ್ಟು ಜಾಗ ಹಿಡಿಯುವುದರಲ್ಲಿ ಮಕ್ಕಳು ನಿಪುಣರು. ಹಿಂದಿನ ಸೀಟಿನ ನಗು ಒಮ್ಮೆಲೇ ನಿಲ್ಲಲಿಲ್ಲ, ತೆಳುವಾಯಿತು. ಸಂಜೆ ಆ ಹುಡುಗಿಯರ ಬೀದಿಯ ಖೋ ಖೋ ಗುಂಪಿಗೂ ಅವನು ಸೇರಿಕೊಂಡ. ದಸರಾ ರಜೆಯ ಹೊತ್ತಿಗೆ ಔಟೋ ಅಲ್ಲವೋ ಎಂದು ಅವರೊಡನೆಯೇ ಜಗಳವಾಡಿ, ತನ್ನ ಹಾವೇರಿ ಮಾತಿನಲ್ಲೇ ಗೆದ್ದು ಬಂದನಂತೆ. ಆ ಜಗಳದ ಸುದ್ದಿಗೆ ನಾನೇಕೆ ಅಷ್ಟು ಹಿಗ್ಗಿದೆನೆಂದು ತಂದೆಗೆ ತಿಳಿಯಲಿಲ್ಲ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಕೆಂದು ನಾನು ಹೇಳಲಾರೆ. ಹೊಡೆತ, ಹಣ ಕೀಳುವುದು, ಮೈಮುಟ್ಟುವುದು ನಡೆದಿದ್ದರೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ದೂರು ಕೊಡಿ. ಆ ಭಾರವನ್ನು ಇನ್ನೊಂದು ಮಗುವಿನ ಮೇಲೆ ಹೊರಿಸಬೇಡಿ. ಮಗು ಊಟ, ನಿದ್ದೆ ಬಿಟ್ಟಿದ್ದರೆ ಮನೋವೈದ್ಯರಿಗೆ ತೋರಿಸಿ, ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಬದುಕು ಬೇಡವೆಂದು ಅಂದಿದ್ದರೆ ಅದೇ ಗಳಿಗೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಮಧ್ಯರಾತ್ರಿಯಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು. ಪರೀಕ್ಷೆ ಮುಗಿಯಲಿ ಎಂದು ಕಾಯುವ ಪಾಲಕರಿದ್ದಾರೆ. ದಯವಿಟ್ಟು ಕಾಯಬೇಡಿ.