ವಿದೇಶಿ ಸ್ವಯಂಸೇವಕರು ಬರುವ ಮುಂಚೆ ನಾವು ಮಾಡಿಕೊಳ್ಳಬೇಕಾದ ತಯಾರಿ

ಹೊರದೇಶದಿಂದ ಒಬ್ಬ ಸ್ವಯಂಸೇವಕಿ ಆರು ತಿಂಗಳಿಗೆ ಬರುತ್ತಾಳೆ ಎಂದಾಗ ನಮ್ಮ ಕಡೆಯ ಸಂಸ್ಥೆಗಳಿಗೆ ಮೊದಲು ನೆನಪಾಗುವುದು ಹಾರ, ಶಾಲು, ಸ್ವಾಗತ ಸಮಾರಂಭ. ಆ ಪ್ರೀತಿ ದೊಡ್ಡದು. ಆದರೆ ಅವಳು ಕೊಪ್ಪಳ ಅಥವಾ ರಾಯಚೂರಿನ ಹಳ್ಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತಾಳೋ, ತಿಂಗಳೊಳಗೆ ಗಂಟುಮೂಟೆ ಕಟ್ಟುತ್ತಾಳೋ ಎಂಬುದು ಬಹುಮಟ್ಟಿಗೆ ಅವಳು ವಿಮಾನ ಹತ್ತುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಹೊಸ ನೆಲಕ್ಕೆ ಒಗ್ಗಿಕೊಳ್ಳುವ ಕಷ್ಟ ಅವಳದು. ಆ ಕಷ್ಟಕ್ಕೆ ದಾರಿ ಮಾಡಿಕೊಡುವ ಹೊಣೆ ಕರೆಸಿಕೊಂಡವರದು.

ವೀಸಾದಿಂದ ಶುರು ಮಾಡೋಣ, ಏಕೆಂದರೆ ಇಲ್ಲಿ ಆದ ತಪ್ಪನ್ನು ಆಮೇಲೆ ತಿದ್ದಲು ಬರುವುದಿಲ್ಲ. ಇ-ಪ್ರವಾಸಿ ವೀಸಾದಲ್ಲಿ ಹಣ ಅಥವಾ ಬೇರಾವ ಪ್ರತಿಫಲವೂ ಇಲ್ಲದ, ಹೆಚ್ಚೆಂದರೆ ಒಂದು ತಿಂಗಳ ಸ್ವಯಂಸೇವೆಗೆ ಮಾತ್ರ ಅವಕಾಶ. ಅದಕ್ಕಿಂತ ಹೆಚ್ಚು ಕಾಲ ನೋಂದಾಯಿತ ಸಂಸ್ಥೆಯಲ್ಲಿ ಸೇವೆ ಮಾಡುವವರಿಗೆ ಉದ್ಯೋಗ ವೀಸಾ ಬೇಕು. ಅದರ ಮೇಲೆ ಸಂಸ್ಥೆಯ ಹೆಸರು ಮತ್ತು ಕೆಲಸದ ಸ್ಥಳ ನಮೂದಾಗಿರುತ್ತದೆ. ಹಾಗಾಗಿ ಆಹ್ವಾನ ಪತ್ರದಲ್ಲಿ ಸ್ಥಳವನ್ನು ಸರಿಯಾಗಿ ಬರೆಯಿರಿ. ಕೊಪ್ಪಳ ಎಂದು ಬರೆಸಿ ಮಾನ್ವಿಗೆ ಕಳಿಸಿದರೆ ತೊಂದರೆಗೆ ಸಿಕ್ಕಿಕೊಳ್ಳುವವಳು ಆ ಹುಡುಗಿ. ‘ಸದ್ಯ ಟೂರಿಸ್ಟ್ ವೀಸಾದಲ್ಲಿ ಬರಲಿ, ಇಲ್ಲಿ ಬಂದಮೇಲೆ ಬದಲಿಸೋಣ’ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ, ಹಾಗೆ ಬದಲಿಸಿಕೊಳ್ಳಲು ಬರುವುದಿಲ್ಲ.

ಅವಳು ಬಂದ 24 ಗಂಟೆಯೊಳಗೆ ಮನೆಯ ಮಾಲೀಕರು ಅಥವಾ ಸಂಸ್ಥೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಅವಳ ವಾಸದ ಮಾಹಿತಿ ಸಲ್ಲಿಸಬೇಕು. ಸಿ ಫಾರಂ ಎಂದು ಜನ ಕರೆಯುವುದು ಇದನ್ನೇ. ಹೋಟೆಲಿನವರಿಗೆ ಮಾತ್ರ ಈ ನಿಯಮ ಎಂದು ಮನೆಯಲ್ಲಿ ಇಟ್ಟುಕೊಳ್ಳುವವರು ತಿಳಿದಿರುತ್ತಾರೆ. ಅದು ತಪ್ಪು ತಿಳಿವಳಿಕೆ. ಸಲ್ಲಿಸಲು ಮೊದಲೇ ಖಾತೆ ತೆರೆದು ಒಪ್ಪಿಗೆ ಪಡೆದಿರಬೇಕು, ಅವಳು ಬಂದ ರಾತ್ರಿ ಕುಳಿತು ಮಾಡುವ ಕೆಲಸವಲ್ಲ. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ ಎಂಬ, ವಿದೇಶಿಯರ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಆಗಬೇಕು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ. ಹಳೆಯ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡವರು ಅವನ್ನು ಅಳಿಸಿ ಹಾಕುವುದು ಒಳ್ಳೆಯದು.

ಇನ್ನು ಬಿಸಿಲು. ಯುರೋಪಿನ ಚಳಿಯಿಂದ ಏಪ್ರಿಲ್‌ನಲ್ಲಿ ನೇರ ರಾಯಚೂರಿಗೆ ಇಳಿಸುವುದು ದೇಹಕ್ಕೆ ಕೊಡುವ ಶಿಕ್ಷೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನವೆಂಬರ್‌ನಿಂದ ಜನವರಿಯೊಳಗೆ ಕರೆಸಿ, ಬೇಸಿಗೆ ಏರುವಷ್ಟರಲ್ಲಿ ಮೈ ಒಗ್ಗಿರುತ್ತದೆ. ಬೇಸಿಗೆಯಲ್ಲೇ ಬರುವುದಾದರೆ ದೇಹ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು. ಹೊರಗಿನ ಕೆಲಸ ಮೊದಲ ದಿನ ಪೂರ್ತಿ ಹೊತ್ತಿನ ಐದನೇ ಒಂದು ಪಾಲು ಸಾಕು, ಆಮೇಲೆ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಹೋಗಿ. ಮಲೇರಿಯಾ ತಡೆಗೆಂದು ಡಾಕ್ಸಿಸೈಕ್ಲಿನ್ ಗುಳಿಗೆ ನುಂಗುತ್ತಿದ್ದಾಳೆಯೇ ಎಂದು ಕೇಳಿ. ಆ ಔಷಧಿಯಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಬಿಸಿಲಲ್ಲಿದ್ದವಳ ಮಾತು ತಡವರಿಸಿದರೆ, ಮೈ ಕಾದಿದ್ದು ಗೊಂದಲಕ್ಕೊಳಗಾದಂತೆ ಕಂಡರೆ ಅದು ಬರಿಯ ದಣಿವಲ್ಲ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ನೀರಿನ ವಿಷಯದಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ನಾವು ಒಂದಾಗಿಸಿ ಮಾತಾಡುತ್ತೇವೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆದರೆ ಆರು ತಿಂಗಳು ಇರುವವಳನ್ನು ಹಾಸಿಗೆ ಹಿಡಿಸುವುದು ಸಾಮಾನ್ಯವಾಗಿ ಫ್ಲೋರೈಡ್ ಅಲ್ಲ, ರೋಗಾಣು. ಶುದ್ಧ ನೀರಿನ ಘಟಕದಿಂದ ತಂದ ನೀರು ಕ್ಯಾನಿನಲ್ಲಿ, ಕೊಡದಲ್ಲಿ, ಚೊಂಬು ಅದ್ದುವ ಕೈಯಲ್ಲಿ ಕೆಡುತ್ತದೆ. ಆದ್ದರಿಂದ ಘಟಕದ ನೀರನ್ನೇ ಒಂದು ನಿಮಿಷ ಚೆನ್ನಾಗಿ ಕುದಿಸಿ, ನಲ್ಲಿ ಇರುವ ಮುಚ್ಚಿದ ಪಾತ್ರೆಯಲ್ಲಿಡಿ. ಒಳಗೆ ಏನನ್ನೂ ಅದ್ದುವುದು ಬೇಡ. ಇಷ್ಟಾದರೂ ಹೊಟ್ಟೆ ಕೆಡಬಹುದು. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟವಾಗಿ ಅಳೆದು ಹಾಕಿ. ಜ್ವರವಿದ್ದು ಮಲದಲ್ಲಿ ರಕ್ತ ಕಂಡರೆ ಭೇದಿ ನಿಲ್ಲಿಸುವ ಗುಳಿಗೆ ಕೊಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಖಾರದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಶೇಂಗಾದ ಬಗ್ಗೆ ಯಾರೂ ಹೇಳುವುದಿಲ್ಲ. ನನಗೆ ಇದೇ ಹೆಚ್ಚು ಭಯದ ಸಂಗತಿ. ನಮ್ಮ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ಜಾಗವಿಲ್ಲ: ಶೇಂಗಾ ಹಿಂಡಿ, ಎಣ್ಣೆಗಾಯಿಯ ಮಸಾಲೆ, ಹೋಳಿಗೆಯ ಹೂರಣ, ಮಂಡಕ್ಕಿ ಒಗ್ಗರಣೆ, ಕೊನೆಗೆ ಕರಿಯುವ ಎಣ್ಣೆ. ಪಶ್ಚಿಮದ ದೇಶಗಳಲ್ಲಿ ಕೆಲವರಿಗೆ ಶೇಂಗಾ ಅಲರ್ಜಿ ಇರುತ್ತದೆ, ಅಂಥವರಿಗೆ ಒಂದು ತುತ್ತೂ ಜೀವಕ್ಕೆ ಅಪಾಯವಾಗಬಹುದು. ಗಂಟಲು ಊದಿ ಉಸಿರು ಕಟ್ಟಲು ಕೆಲವೇ ನಿಮಿಷ ಸಾಕು. ಆಯ್ಕೆಯ ಹಂತದಲ್ಲೇ ಬರವಣಿಗೆಯಲ್ಲಿ ಕೇಳಿ. ಅಲರ್ಜಿ ಇದ್ದರೆ ಅಡ್ರಿನಲಿನ್ ಆಟೋ-ಇಂಜೆಕ್ಟರ್ (ತಾನೇ ಚುಚ್ಚಿಕೊಳ್ಳಬಹುದಾದ ತುರ್ತು ಚುಚ್ಚುಮದ್ದು) ಎರಡನ್ನು ಅವಳೇ ತರಬೇಕು, ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆಂದು ನಂಬಿಕೊಳ್ಳುವಂತಿಲ್ಲ. ತೀವ್ರ ಅಲರ್ಜಿಯಾದರೆ ಹಳ್ಳಿಮನೆಯ ವಾಸ ಬೇಡ, ತಾನೇ ಅಡುಗೆ ಮಾಡಿಕೊಳ್ಳುವ ಕೋಣೆ ಕೊಡಿ. ಅಲರ್ಜಿ ಇಲ್ಲದವರಿಗೂ ಮೊದಲ ವಾರ ಅನ್ನ, ತೆಳು ಸಾರು, ಮೊಸರು ಇರಲಿ. ರೊಟ್ಟಿ ಒಂದೊಂದಾಗಿ ಬರಲಿ. ‘ಇನ್ನೊಂದ್ ಹಾಕಸ್ಕೋರಿ’ ಎಂದು ಮೂರು ಸಲ ಬಡಿಸುವ ನಮ್ಮ ರೂಢಿಗೆ ಅವಳು ಬೇಡ ಎನ್ನಲಾರಳು, ಉಂಡು ರಾತ್ರಿಯೆಲ್ಲ ಒದ್ದಾಡುತ್ತಾಳೆ.

ಅಂಜನಾದ್ರಿ, ಹಂಪಿ ಕಡೆ ಮಂಗಗಳಿವೆ, ಬೀದಿನಾಯಿಗಳು ಎಲ್ಲ ಊರಲ್ಲೂ ಇವೆ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ ಮೆತ್ತಬಾರದು. ಮುಂಚೆಯೇ ರೇಬೀಸ್ ಲಸಿಕೆ ಪೂರ್ತಿ ಹಾಕಿಸಿಕೊಂಡು ಬಂದವರಿಗೆ ಆಮೇಲೆ ಎರಡೇ ಡೋಸ್ ಸಾಕು, ಗಾಯಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಬೇರೆ ಚುಚ್ಚುಮದ್ದು ಬೇಕಾಗುವುದಿಲ್ಲ. ಬರುವ ಮುಂಚೆ ಹಾಕಿಸಿಕೊಳ್ಳಲು ಹೇಳಿ.

ಕೋಣೆಗೆ ಒಳಗಿನಿಂದ ಚಿಲಕ, ಸೊಳ್ಳೆಪರದೆ, ಕರೆಂಟು ಹೋದಾಗಲೂ ತಿರುಗುವ ಫ್ಯಾನು ಬೇಕೇ ಬೇಕು. ದಿನಕ್ಕೆ ಒಂದೆರಡು ಗಂಟೆ ಯಾರೂ ಬಾಗಿಲು ತಟ್ಟದ ಸಮಯ ಸಿಗಲಿ. ಒಂಟಿಯಾಗಿ ಬಿಡುವುದು ನಮಗೆ ಅನಾದರ ಅನಿಸಬಹುದು, ಅವಳಿಗೆ ಅದು ವಿಶ್ರಾಂತಿ. ಫೋನ್‌ಪೇ, ಗೂಗಲ್ ಪೇ ಅವಳ ಬ್ಯಾಂಕಿಗೆ ಜೋಡಣೆಯಾಗುವುದಿಲ್ಲ, ಸಂತೆಗೆ ಚಿಲ್ಲರೆ ನೋಟು ಬೇಕು. ಬೈಕ್ ಕೊಡುವ ಮುಂಚೆ ಅವಳ ಅಂತಾರಾಷ್ಟ್ರೀಯ ಪರವಾನಗಿಯಲ್ಲಿ ದ್ವಿಚಕ್ರ ವಾಹನದ ಗುರುತು ಇದೆಯೇ ನೋಡಿ. ಇಲ್ಲದೆ ಅಪಘಾತವಾದರೆ ವಿಮೆಯ ಹಣ ಸಿಗುವುದು ಕಷ್ಟ.

ಕೆಲಸವನ್ನು ಒಂದು ಹಾಳೆಯಲ್ಲಿ ಬರೆದುಕೊಡಿ: ಏನು ಮಾಡಬೇಕು, ಯಾರಿಗೆ ವರದಿ, ವಾರದಲ್ಲಿ ಎಷ್ಟು ಗಂಟೆ. ‘ಬಂದು ನೋಡಿ, ಏನಾದರೂ ಮಾಡೋಣ’ ಎಂದರೆ ಎರಡನೇ ವಾರಕ್ಕೇ ಅವಳಿಗೆ ತಾನು ಹೊರೆ ಅನಿಸುತ್ತದೆ. ಒಂದು ವಿಷಯದಲ್ಲಿ ನನ್ನ ನಿಲುವು ಗಟ್ಟಿ. ನಾಲ್ಕು ವಾರಕ್ಕೆ ಬರುವವರನ್ನು ಅನಾಥ ಮಕ್ಕಳ ವಸತಿಗೃಹದಲ್ಲಿ ಮಕ್ಕಳ ಆರೈಕೆಗೆ ಹಾಕಬಾರದು. ಹಚ್ಚಿಕೊಂಡವರೊಬ್ಬರು ಮತ್ತೆ ಮತ್ತೆ ಬಿಟ್ಟುಹೋಗುವುದನ್ನು ಆ ಮಕ್ಕಳ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ. ಅಂಥವರಿಗೆ ಶಿಕ್ಷಕರ ತರಬೇತಿ, ಲೆಕ್ಕಪತ್ರ, ಆನೆಗೊಂದಿಯ ಬಾಳೆನಾರಿನ ಕರಕುಶಲಕ್ಕೆ ಮಾರುಕಟ್ಟೆ ಹುಡುಕುವಂಥ ಕೆಲಸ ಕೊಡಿ.

ಕೊನೆಯದಾಗಿ ದೇಣಿಗೆ. ಶಾಲೆಯ ಶೌಚಾಲಯ ನೋಡಿ ಮನಕರಗಿ ಅವಳು ಹತ್ತು ಸಾವಿರ ರೂಪಾಯಿ ಕೈಗಿತ್ತಳು ಎಂದುಕೊಳ್ಳಿ. ರೂಪಾಯಿಯಲ್ಲೇ ಕೊಟ್ಟರೂ ವಿದೇಶಿ ಪ್ರಜೆ ಕೊಟ್ಟದ್ದು 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ ಪ್ರಕಾರ ವಿದೇಶಿ ದೇಣಿಗೆ. ಆ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ, ಊರಿನ ಖಾತೆಗಲ್ಲ. ಬಂದ ಮೊದಲ ವಾರದಲ್ಲೇ ಇದನ್ನು ಅವಳಿಗೆ ತಿಳಿಸಿಬಿಡಿ, ಊರಿನ ಹಿರಿಯರಿಗೂ ತಿಳಿಸಿ. ಹಣ ಚಾಚಿದ ಕೈಯನ್ನು ಆಮೇಲೆ ಹಿಂದಕ್ಕೆ ತಳ್ಳುವುದು ಇಬ್ಬರಿಗೂ ನೋವು.