ಅಂಗಳದ ಉಸಿರು, ಕ್ರೂಸರಿನ ಉಸಿರು

ಕಬಡ್ಡಿಯಲ್ಲಿ ದಾಳಿಗೆ ಹೋದವನು ಎದುರಾಳಿಯ ಅಂಕಣದಲ್ಲಿ ಇರುವಷ್ಟು ಹೊತ್ತೂ "ಕಬಡ್ಡಿ, ಕಬಡ್ಡಿ" ಎಂದು ಒಂದೇ ಉಸಿರಿನಲ್ಲಿ, ಅಂಪೈರ್‌ಗೆ ಕೇಳಿಸುವಂತೆ ಹೇಳುತ್ತಿರಬೇಕು. ದಾಳಿಯ ಅವಧಿ ಹೆಚ್ಚೆಂದರೆ 30 ಸೆಕೆಂಡು. ಅಷ್ಟರಲ್ಲಿ ಏಳು ಮಂದಿ ಅವನನ್ನು ಸುತ್ತುಗಟ್ಟುತ್ತಾರೆ. ಹಿಡಿತಕ್ಕೆ ಸಿಕ್ಕನೆಂದರೆ ನಾಲ್ಕೈದು ಮುಖಗಳು ಗೇಣುದ್ದದ ಅಂತರಕ್ಕೆ ಬಂದು ಎಲ್ಲರೂ ಏದುಸಿರು ಬಿಡುತ್ತಿರುತ್ತಾರೆ. ಕೋವಿಡ್‌ನಂಥ, ಉಸಿರಿನಿಂದ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲವಾದ ಆಟ ಇನ್ನೊಂದಿಲ್ಲ ಎಂದು 2020ರಲ್ಲಿ ನಾನೂ ನಂಬಿದ್ದೆ. ಅದೇ ವರ್ಷದ ನವೆಂಬರ್ 17ರಂದು ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದಾಗ ಧಾರವಾಡ, ಗದಗ, ಹಾವೇರಿಯ ಯಾವ ಕಾಲೇಜಿನ ಮೈದಾನದ ಬಳಿ ನಿಂತರೂ ಏಳುತ್ತಿದ್ದ ಪ್ರಶ್ನೆ ಒಂದೇ: ಆಡಿಸಬಹುದೇ, ಬೇಡವೇ? ಆ ಬಳಿಕ ಬಂದ ಅಧ್ಯಯನಗಳನ್ನು ಓದುತ್ತ ಹೋದಂತೆ, ನನ್ನ ಅಂದಿನ ನಂಬಿಕೆ ಅರ್ಧ ಮಾತ್ರ ಸರಿ ಎಂಬುದೂ, ಉಳಿದರ್ಧದಲ್ಲಿ ನಾನು ತಪ್ಪು ಜಾಗವನ್ನು ನೋಡುತ್ತಿದ್ದೆ ಎಂಬುದೂ ತಿಳಿಯಿತು.

ಸರಿಯಾಗಿದ್ದ ಅರ್ಧ ಉಸಿರಿಗೆ ಸಂಬಂಧಿಸಿದ್ದು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿಯನ್ನು ಒಳಗೆಳೆದು ಬಿಡುತ್ತಾನೆ; ಪಳಗಿದ ಓಟಗಾರ ಪೂರ್ತಿ ಬಲ ಹಾಕಿ ಓಡುವಾಗ ಅದು 100 ಲೀಟರ್ ದಾಟುತ್ತದೆ. ಹೊರಬರುವ ಗಾಳಿಯ ಪ್ರಮಾಣ ಹೆಚ್ಚುವುದಷ್ಟೇ ಅಲ್ಲ, ಅದರಲ್ಲಿ ತೇಲುವ ಸೂಕ್ಷ್ಮ ಕಣಗಳ ದಟ್ಟಣೆಯೂ ಏರುತ್ತದೆ. ಜರ್ಮನಿಯ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 16 ಮಂದಿ ಆರೋಗ್ಯವಂತರನ್ನು ವ್ಯಾಯಾಮದ ಸೈಕಲ್ ತುಳಿಯಲು ಕೂರಿಸಿ ಅಳೆದಾಗ, ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸರಾಸರಿ 580 ಇದ್ದ ಕಣಗಳು ಗರಿಷ್ಠ ಶ್ರಮದಲ್ಲಿ 76,200ಕ್ಕೆ ಏರಿದ್ದವು. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹಗುರವಾಗಿ ತುಳಿಯುವಾಗ ಏರಿಕೆ ನಿಧಾನವಾಗಿಯೇ ಇರುತ್ತದೆ, ಒಂದು ಹಂತ ದಾಟಿದ ಮೇಲೆ ದಿಢೀರನೆ ಏರುತ್ತದೆ. ದನಿಯ ಪಾತ್ರವೂ ಕಡಿಮೆಯದಲ್ಲ. ಮಾತು ಜೋರಾದಷ್ಟೂ ಕಣಗಳು ಹೆಚ್ಚುತ್ತವೆ. ಮೆಲುದನಿಯಿಂದ ಜೋರು ದನಿಯವರೆಗೆ ಹೋಗುವಾಗ ಸೆಕೆಂಡಿಗೆ ಒಂದಿದ್ದ ಕಣ ಐವತ್ತರವರೆಗೆ ಏರಬಲ್ಲದೆಂದು 2019ರಲ್ಲೇ, ಅಂದರೆ ಕೋವಿಡ್ ಬರುವ ಮುನ್ನವೇ, ಅಮೆರಿಕದ ತಂಡವೊಂದು ತೋರಿಸಿತ್ತು. ಹಾಗೆ ನೋಡಿದರೆ ಕಬಡ್ಡಿ ಎರಡನ್ನೂ ಬೇಡುವ ಆಟ: ಶ್ರಮವೂ ಬೇಕು, ಕೂಗೂ ಬೇಕು.

ಮುಚ್ಚಿದ ಕೋಣೆಯಲ್ಲಿ ಇದರ ಪರಿಣಾಮ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಬೇಗನೆ ಸಿಕ್ಕಿತು. ದಕ್ಷಿಣ ಕೊರಿಯಾದ ಚಿಯೊನಾನ್ ನಗರದಲ್ಲಿ 2020ರ ಫೆಬ್ರವರಿಯಲ್ಲಿ ಕುಣಿತದ ವ್ಯಾಯಾಮ ತರಗತಿಗಳಿಂದ ಹೊರಟ ಸೋಂಕು 12 ವ್ಯಾಯಾಮ ಕೇಂದ್ರಗಳಿಗೆ ಸಂಬಂಧಿಸಿದ 112 ಮಂದಿಯನ್ನು ಮುಟ್ಟಿತು. ಸುಮಾರು 60 ಚದರ ಮೀಟರಿನ ಕೋಣೆಯಲ್ಲಿ ಐದರಿಂದ ಇಪ್ಪತ್ತೆರಡು ಮಂದಿ, 50 ನಿಮಿಷದ ಕುಣಿತ. ಆದರೆ ಸೋಂಕಿದ್ದ ಶಿಕ್ಷಕಿಯರ ಪೈಕಿ ಒಬ್ಬರು ಏಳೆಂಟು ಮಂದಿಗೆ ಯೋಗ, ಪಿಲಾಟೀಸ್‌ನಂಥ ಸಾವಧಾನದ ವ್ಯಾಯಾಮ ಕಲಿಸಿದ್ದರು. ಅವರ ತರಗತಿಯ ಯಾರಿಗೂ ರೋಗ ಬರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಫ್ಲೋರಿಡಾದ ಒಳಾಂಗಣವೊಂದರಲ್ಲಿ ನಡೆದ ಒಂದೇ ಒಂದು ಐಸ್ ಹಾಕಿ ಪಂದ್ಯದ ಬಳಿಕ 22 ಆಟಗಾರರಲ್ಲಿ 14 ಮಂದಿಗೆ, ಜೊತೆಗೆ ಅಲ್ಲಿನ ಒಬ್ಬ ಸಿಬ್ಬಂದಿಗೆ ರೋಗಲಕ್ಷಣಗಳು ಕಾಣಿಸಿಕೊಂಡವು.

ಇನ್ನು ನಾನು ತಪ್ಪಿದ ಅರ್ಧ. ಮೈಗೆ ಮೈ ತಾಗುವುದೇ ಅಪಾಯದ ಮೂಲವೆಂದಾದರೆ ಬಯಲಿನಲ್ಲಿ ಆಡುವ ರಗ್ಬಿಯೂ ರೋಗದ ಗೂಡಾಗಬೇಕಿತ್ತು; ಅದರಲ್ಲಿಯೂ ಹಿಡಿತ, ಎಳೆದಾಟ, ಒಬ್ಬರ ಮೇಲೊಬ್ಬರು ಬೀಳುವುದು ಎಲ್ಲ ಇದೆ. ಇಂಗ್ಲೆಂಡಿನ ರಗ್ಬಿ ಲೀಗ್‌ನಲ್ಲಿ 2020ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ ನಾಲ್ಕು ಪಂದ್ಯಗಳಲ್ಲಿ, ತಮಗೆ ಸೋಂಕು ಇದೆಯೆಂದು ಗೊತ್ತಿಲ್ಲದೆ ಎಂಟು ಆಟಗಾರರು ಕಣಕ್ಕಿಳಿದಿದ್ದರು. ಸಂಶೋಧಕರು ಪಂದ್ಯಗಳ ವಿಡಿಯೊಗಳನ್ನೂ ಆಟಗಾರರ ಚಲನೆಯ ದಾಖಲೆಗಳನ್ನೂ ಜಾಲಾಡಿ, ಅವರೊಂದಿಗೆ ಹೆಚ್ಚು ನಿಕಟವಾಗಿದ್ದ 28 ಮಂದಿಯನ್ನು ಗುರುತಿಸಿದರು. ಅವರಲ್ಲಿ ಸೋಂಕು ಕಂಡುಬಂದದ್ದು ಒಬ್ಬರಿಗೆ. ಅದೂ, ಉಳಿದ ಆಟಗಾರರಲ್ಲಿ ಕಾಣಿಸಿದ ಬೆರಳೆಣಿಕೆಯ ಪ್ರಕರಣಗಳೂ ಪಂದ್ಯದಿಂದ ಬಂದವಲ್ಲ, ಕ್ಲಬ್‌ಗಳ ಒಳಗಿನ ಒಡನಾಟ ಮತ್ತು ಊರಿನ ಸಂಪರ್ಕದಿಂದ ಬಂದವೆಂದೇ ಅವರು ನಿರ್ಣಯಿಸಿದರು. ಬಯಲಿನ ಗಾಳಿ ಕಣಗಳನ್ನು ಕ್ಷಣದಲ್ಲಿ ಚದುರಿಸುತ್ತದೆ. ಇಬ್ಬರು ಎದುರುಬದುರಾಗುವ ಹೊತ್ತೂ ಸೆಕೆಂಡುಗಳ ಲೆಕ್ಕದ್ದು. ಲಭ್ಯವಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ, ದಾಖಲಾದ ಸೋಂಕುಗಳಲ್ಲಿ ಬಯಲಿನಲ್ಲಿ ತಗುಲಿದವು ಶೇಕಡಾ 10ಕ್ಕಿಂತ ಕಡಿಮೆ.

ಹೀಗಾಗಿ ಕಬಡ್ಡಿಯ ಅಪಾಯವನ್ನು ಕಬಡ್ಡಿ ಎಂಬ ಹೆಸರು ನೋಡಿ ಹೇಳಲಾಗದು, ಅದನ್ನು ಎಲ್ಲಿ ಆಡುತ್ತಾರೆ ಎಂದು ಕೇಳಬೇಕು. ಹಳ್ಳಿಯ ಮಣ್ಣಿನ ಅಂಕಣದಲ್ಲಿ ಆಡುವುದಕ್ಕೂ ಛಾವಣಿಯ ಕೆಳಗೆ ಮ್ಯಾಟ್ ಹಾಸಿ ಆಡುವುದಕ್ಕೂ ವೈರಾಣುವಿನ ದೃಷ್ಟಿಯಲ್ಲಿ ಅಜಗಜಾಂತರ. ಪ್ರೊ ಕಬಡ್ಡಿಯ ಸಂಘಟಕರು 2021ರ ಡಿಸೆಂಬರ್‌ನಲ್ಲಿ ಲೀಗನ್ನು ಬೆಂಗಳೂರಿನ ಒಂದೇ ಹೋಟೆಲ್ ಆವರಣದಲ್ಲಿ, ಪ್ರೇಕ್ಷಕರಿಲ್ಲದೆ, ಎಲ್ಲ ತಂಡಗಳನ್ನೂ ಹೊರಗಿನವರಿಂದ ಬೇರ್ಪಡಿಸಿ ಆಡಿಸಿದರು. ಆ ಮಟ್ಟದ ಖರ್ಚು ನಮ್ಮ ಯಾವ ಪದವಿ ಕಾಲೇಜಿನ ಕ್ರೀಡಾ ನಿಧಿಗೂ ನಿಲುಕುವಂಥದ್ದಲ್ಲ. ನಮ್ಮ ಬಳಿ ಇರುವುದು ಬಯಲು, ಅದು ಪುಕ್ಕಟೆ.

ಈ ಭಾಗದ ಹವೆ ಒಂದು ಕಡೆ ನೆರವಾಗುತ್ತದೆ, ಇನ್ನೊಂದು ಕಡೆ ಕಾಡುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಗದಗಿನ ಗಾಳಿಯಲ್ಲಿ ಹಾಕಿ ಅಥವಾ ಖೋಖೋ ಆಡುವವನ ಉಸಿರು ಪಕ್ಕದವನ ಮೂಗಿಗೆ ತಲುಪುವಷ್ಟು ಹೊತ್ತು ಒಟ್ಟಾಗಿ ಉಳಿಯುವುದೇ ಇಲ್ಲ. ಆದರೆ ಧಾರವಾಡದ ಜಿಟಿಜಿಟಿ ಮಳೆ ಹಿಡಿದುಕೊಂಡರೆ ಅಭ್ಯಾಸವೆಲ್ಲ ಒಳಗೆ ಸರಿಯುತ್ತದೆ: ಷಟಲ್ ಅಂಕಣಕ್ಕೆ, ಟೇಬಲ್ ಟೆನಿಸ್ ಕೋಣೆಗೆ, ಕಿಟಕಿ ಹಾಕಿಕೊಂಡ ಜಿಮ್‌ಗೆ. ಗರಡಿ ಮನೆಯಂತೂ ಗಾಳಿಯಾಡದಂತೆಯೇ ಕಟ್ಟಿದ್ದು. ತಗ್ಗಿ ಒಳಹೋಗಬೇಕಾದ ಬಾಗಿಲು, ಒಂದೆರಡು ಗವಾಕ್ಷಿ, ಕೆಂಪು ಮಣ್ಣಿನ ತಂಪು. ಸಂಜೆಯ ತಾಲೀಮಿನಲ್ಲಿ ಹತ್ತಾರು ಪೈಲ್ವಾನರು ಬೈಠಕ್ ಹೊಡೆಯುವಾಗ ಅಲ್ಲಿನ ಗಾಳಿ ಚಿಯೊನಾನ್‌ನ ಕೋಣೆಯ ಗಾಳಿಗಿಂತ ಚೆನ್ನಾಗಿರಲು ಕಾರಣವಿಲ್ಲ. ಛಾವಣಿಯ ಫ್ಯಾನ್ ಇದ್ದರೆ ಸಾಕೆಂದು ಹಲವರು ತಿಳಿಯುತ್ತಾರೆ. ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ, ಹೊಸ ಗಾಳಿಯನ್ನು ತರುವುದಿಲ್ಲ. ಒಂದು ಕೋಣೆಯ ಗಾಳಿ ಎಷ್ಟು ಹಳತಾಗಿದೆ ಎಂದು ತಿಳಿಯಲು ಇಂಗಾಲದ ಡೈಆಕ್ಸೈಡ್ ಅಳೆಯುವ ಚಿಕ್ಕ ಯಂತ್ರ ಸಾಕು. ಹೊರಗೆ ಅದು ದಶಲಕ್ಷಕ್ಕೆ ಸುಮಾರು 420 ಭಾಗವಿರುತ್ತದೆ. ಒಳಗೆ 1,000 ದಾಟಿತೆಂದರೆ ಒಬ್ಬರು ಬಿಟ್ಟ ಗಾಳಿಯನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂದು ತಿಳಿಯಬೇಕು.

ಇಷ್ಟಾದರೂ ಕಾಲೇಜು ಕ್ರೀಡೆಯ ಅತಿ ದೊಡ್ಡ ಅಪಾಯ ಯಾವ ಆಟದಲ್ಲಿಯೂ ಇಲ್ಲ, ಅದು ತಂಡಗಳನ್ನು ಪಂದ್ಯಕ್ಕೆ ಒಯ್ಯುವ ಕ್ರೂಸರ್ ಗಾಡಿಯಲ್ಲಿದೆ ಎಂದರೆ ಅತಿಶಯೋಕ್ತಿ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಧಾರವಾಡದಿಂದ ಹಾವೇರಿಗೆ ಅಂತರ ಕಾಲೇಜು ಪಂದ್ಯಕ್ಕೆ ಹೊರಟ ತಂಡದಲ್ಲಿ ಹನ್ನೆರಡು ಮಂದಿ; ಬೆಳಗಿನ ಚಳಿಗೆ ಗಾಜು ಏರಿಸಿದ್ದಾರೆ; ದಾರಿ ಎರಡು ತಾಸಿನದು. ತಲೆಗೆ ನಿಮಿಷಕ್ಕೆ ಏಳು ಲೀಟರ್‌ನಂತೆ ಹಿಡಿದರೂ ಎರಡು ತಾಸಿನಲ್ಲಿ ಆ ಹನ್ನೆರಡು ಪುಪ್ಪುಸಗಳ ಜೋಡಿಯಿಂದ ಹೊರಬರುವ ಗಾಳಿ ಹತ್ತು ಸಾವಿರ ಲೀಟರ್, ಎಂದರೆ ಹತ್ತು ಘನ ಮೀಟರ್. ಗಾಡಿಯ ಇಡೀ ಒಳಾವಕಾಶಕ್ಕೆ ಹೋಲಿಸಬಹುದಾದಷ್ಟು. ಅಂತ್ಯಾಕ್ಷರಿ ಶುರುವಾದರೆ ಲೆಕ್ಕ ಇನ್ನೂ ಕೆಡುತ್ತದೆ, ಏಕೆಂದರೆ ಹಾಡೂ ಒಂದು ಬಗೆಯ ಕೂಗೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ಸೇರಿದ್ದ ಗಾಯನ ವೃಂದವೊಂದರ 61 ಮಂದಿಯ ಪೈಕಿ 53 ಮಂದಿ ರೋಗಕ್ಕೆ ತುತ್ತಾದರು, ಇಬ್ಬರು ತೀರಿಕೊಂಡರು. ಊರು ತಲುಪಿದ ಮೇಲೆ ಕಲ್ಯಾಣ ಮಂಟಪದಲ್ಲೋ ತರಗತಿಯ ಕೋಣೆಯಲ್ಲೋ ಸಾಲಾಗಿ ಹಾಸಿಕೊಂಡು ಮಲಗುವ ಎಂಟು ತಾಸುಗಳಿವೆ. ಅಂಕಣದಲ್ಲಿ ಎದುರಾಳಿಯ ಉಸಿರು ತಾಗುವುದು ನಿಮಿಷಗಳ ಲೆಕ್ಕ, ಜೊತೆಗಾರನ ಉಸಿರು ತಾಗುವುದು ತಾಸುಗಳ ಲೆಕ್ಕ.

ನಮ್ಮ ಊರಿನದೇ ನಿದರ್ಶನವೂ ಇದೆ. ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ 2021ರ ನವೆಂಬರ್‌ನಲ್ಲಿ ಸುಮಾರು ಮುನ್ನೂರು ಮಂದಿಗೆ ಸೋಂಕು ಪತ್ತೆಯಾದಾಗ ಬೆರಳು ತೋರಿದ್ದು ಕ್ರೀಡೆಯತ್ತ ಅಲ್ಲ, ಹೊಸ ವಿದ್ಯಾರ್ಥಿಗಳ ಸ್ವಾಗತ ಕೂಟದತ್ತ. ಬಹುತೇಕರು ಎರಡೂ ಡೋಸ್ ಲಸಿಕೆ ಪಡೆದವರಾಗಿದ್ದರು. ಹರಡುವಿಕೆಯನ್ನು ಲಸಿಕೆ ಪೂರ್ತಿ ತಡೆಯಲಿಲ್ಲ. ಆದರೂ ಹೆಚ್ಚಿನವರಲ್ಲಿ ಲಕ್ಷಣಗಳೇ ಇರಲಿಲ್ಲ ಅಥವಾ ಸೌಮ್ಯವಾಗಿದ್ದವು.

ಅಂದು ನಾವು ಶ್ರದ್ಧೆಯಿಂದ ಮಾಡಿದ ಕೆಲವು ಕೆಲಸಗಳು ಈಗ ಸಣ್ಣ ನಗು ತರಿಸುತ್ತವೆ. ಮೈದಾನದ ಗೇಟಿನಲ್ಲಿ ಹಣೆಗೆ ಪಿಸ್ತೂಲಿನಂತೆ ಹಿಡಿಯುತ್ತಿದ್ದ ಥರ್ಮಾಮೀಟರ್ ಜ್ವರವನ್ನಷ್ಟೇ ಹಿಡಿಯಬಲ್ಲದು. ಈ ರೋಗವಾದರೋ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡತೊಡಗುತ್ತದೆ. ಚೆಂಡಿಗೆ ಎಂಜಲು ಹಚ್ಚಬಾರದೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2020ರ ಜೂನ್‌ನಲ್ಲಿ ನಿಯಮ ಮಾಡಿತು. ಎಂಜಲಿನ ವಿಷಯದಲ್ಲಿ ನಮ್ಮ ಅಜ್ಜಿಯಂದಿರಿಗೆ ಅಷ್ಟು ತಡವಾಗಿ ಪಾಠ ಬೇಕಿರಲಿಲ್ಲ, ಅದಿರಲಿ. ವಸ್ತುಗಳನ್ನು ಮುಟ್ಟುವುದರಿಂದ ಕೋವಿಡ್ ಬರುವ ಸಾಧ್ಯತೆ ತೀರ ಕಡಿಮೆ ಎಂಬುದು 2021ರ ಹೊತ್ತಿಗೆ ಸ್ಪಷ್ಟವಾಗಿತ್ತು. ಚೆಂಡಿಗೆ ಸ್ಯಾನಿಟೈಸರ್ ಒರೆಸುವ ತಂಡ ಗಾಜು ಏರಿಸಿದ ಗಾಡಿಯಲ್ಲಿ ಮನೆಗೆ ಮರಳಿದರೆ, ಒರೆಸಿದ ಶ್ರಮವೆಲ್ಲ ವ್ಯರ್ಥ.

ಹೃದಯದ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ವೈರಾಣು ಸೋಂಕಿನ ಬಳಿಕ ಹೃದಯದ ಸ್ನಾಯು ಉರಿಯೂತಕ್ಕೆ ಒಳಗಾಗುವುದುಂಟು; ಅಂಥ ಹೃದಯವನ್ನು ತೀವ್ರ ಶ್ರಮಕ್ಕೆ ಒಡ್ಡಿದರೆ ಬಡಿತದ ಲಯ ತಪ್ಪಿ ಹಠಾತ್ ಸಾವು ಸಂಭವಿಸಬಹುದು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯರು ಕೋವಿಡ್‌ನಿಂದ ಚೇತರಿಸಿಕೊಂಡ 26 ಕಾಲೇಜು ಕ್ರೀಡಾಪಟುಗಳ ಹೃದಯವನ್ನು ಎಂಆರ್‌ಐ ಮಾಡಿ, ನಾಲ್ವರಲ್ಲಿ, ಎಂದರೆ ಶೇಕಡಾ 15ರಷ್ಟು ಮಂದಿಯಲ್ಲಿ, ಉರಿಯೂತವನ್ನು ಸೂಚಿಸುವ ಗುರುತುಗಳು ಕಂಡವೆಂದು 2020ರ ಸೆಪ್ಟೆಂಬರ್‌ನಲ್ಲಿ ವರದಿ ಮಾಡಿದಾಗ ಕ್ರೀಡಾಲೋಕ ಬೆಚ್ಚಿತು. ಅಧ್ಯಯನ ಚಿಕ್ಕದು, ಹೋಲಿಸಿ ನೋಡಲು ಸೋಂಕಿಲ್ಲದ ಆಟಗಾರರ ಗುಂಪೂ ಅದರಲ್ಲಿರಲಿಲ್ಲ. ಮರುವರ್ಷ ಬಂದ ದೊಡ್ಡ ಅಧ್ಯಯನಗಳಲ್ಲಿ ಸಂಖ್ಯೆ ಇಳಿಯಿತು. ಹದಿಮೂರು ವಿಶ್ವವಿದ್ಯಾಲಯಗಳ 1,597 ಆಟಗಾರರಿಗೆ ಎಂಆರ್‌ಐ ಮಾಡಿದಾಗ 37 ಮಂದಿಯಲ್ಲಿ, ಎಂದರೆ ಶೇಕಡಾ 2.3ರಲ್ಲಿ, ಉರಿಯೂತ ಕಂಡಿತು; ಅವರಲ್ಲಿಯೂ ಅದು ಹೊರಗೆ ತೋರುವ ರೋಗವಾಗಿದ್ದದ್ದು ಒಂಬತ್ತೇ ಮಂದಿಯಲ್ಲಿ. ನಲವತ್ತೆರಡು ಕಾಲೇಜುಗಳ ಮತ್ತೊಂದು ದಾಖಲೆಯಲ್ಲಿ, ಸೋಂಕು ತಗುಲಿದ 3,018 ಮಂದಿಯ ಪೈಕಿ ಹೃದಯಕ್ಕೆ ತೊಂದರೆಯಾಗಿರಬಹುದೆಂದು ಕಂಡದ್ದು 21 ಮಂದಿಗೆ. ಎಷ್ಟು ಸೂಕ್ಷ್ಮವಾದ ಯಂತ್ರದಿಂದ ಹುಡುಕುತ್ತೇವೋ ಅಷ್ಟು ಹೆಚ್ಚು ಗುರುತುಗಳು ಸಿಗುತ್ತವೆ. ಸಿಕ್ಕ ಗುರುತೆಲ್ಲ ರೋಗವಲ್ಲ.

ಹೀಗಾಗಿ ರೋಣದ ಹುಡುಗನಿಗೆ ಎಂಆರ್‌ಐ ಮಾಡಿಸಲಾಗಲಿಲ್ಲವೆಂದು ಕೊರಗಬೇಕಿಲ್ಲ. ಲಕ್ಷಣವೇ ಇಲ್ಲದಿದ್ದವರು ಮೂರು ದಿನ ವ್ಯಾಯಾಮ ಬಿಟ್ಟು ನೋಡಿಕೊಂಡು, ಮುಂದೆ ಹಂತಹಂತವಾಗಿ ಅಭ್ಯಾಸಕ್ಕೆ ಮರಳಬಹುದು ಎಂದು ಅಮೆರಿಕದ ಹೃದ್ರೋಗ ತಜ್ಞರು 2022ರಲ್ಲಿ ಸೂಚಿಸಿದರು. ಎದೆ ಹಿಡಿದಂತಾಗುವುದು, ಮೊದಲಿಲ್ಲದ ದಮ್ಮು, ಎದೆ ಡವಗುಟ್ಟುವುದು, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದಿದ್ದರೂ ಇಸಿಜಿ, ಎಕೋ ಮತ್ತು ಟ್ರೊಪೋನಿನ್ ಎಂಬ ರಕ್ತಪರೀಕ್ಷೆ ಆಗಲೇಬೇಕು. ಉರಿಯೂತ ಖಚಿತವಾದರೆ ಮೂರರಿಂದ ಆರು ತಿಂಗಳು ಆಟವಿಲ್ಲ. ತೊಡಕು ಬೇರೆಯೇ ಇದೆ. ಆಯ್ಕೆ ಪಂದ್ಯ ನಾಳೆಯಿದೆ, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಬ್ಲೂ’ ಎನಿಸಿಕೊಂಡರೆ ಕ್ರೀಡಾ ಕೋಟಾದಲ್ಲಿ ನೌಕರಿಯ ದಾರಿ ತೆರೆಯುತ್ತದೆ ಎಂದಿರುವಾಗ, ಯಾವ ಹುಡುಗಿ ತಾನೇ "ಸರ್, ನಿನ್ನೆಯಿಂದ ಎದೆ ಹಿಡದಂಗ ಆಗೇದ್ರಿ" ಎಂದು ಬಾಯಿ ಬಿಟ್ಟಾಳು? ಕಾಯಿಲೆಯ ಕಾರಣಕ್ಕೆ ತಪ್ಪಿದ ಆಯ್ಕೆಯನ್ನು ಇನ್ನೊಮ್ಮೆ ನಡೆಸುತ್ತೇವೆಂದು ದೈಹಿಕ ಶಿಕ್ಷಣ ನಿರ್ದೇಶಕರು ಮೊದಲೇ ಬರೆದು ಹಾಕಿದರೆ, ಅದು ಹತ್ತು ಥರ್ಮಾಮೀಟರ್‌ಗಳಿಗಿಂತ ಹೆಚ್ಚು ಸೋಂಕನ್ನು ಹಿಡಿದೀತು ಎಂಬುದು ನನ್ನ ಎಣಿಕೆ.

ಆಟಗಾರರ ಸ್ವಂತ ಅಪಾಯ ಕಡಿಮೆಯಿತ್ತೆಂಬುದು ನಿಜ. ಲಸಿಕೆಗೆ ಮುಂಚಿನ ಅಂಕಿಅಂಶಗಳನ್ನು ಆಧರಿಸಿದ ಒಂದು ವಿಶ್ಲೇಷಣೆ, ಸೋಂಕಿತರಲ್ಲಿ ಸಾವಿನ ಪ್ರಮಾಣ 25ರ ಹರೆಯದಲ್ಲಿ ಹತ್ತು ಸಾವಿರಕ್ಕೆ ಒಂದು, 65ರಲ್ಲಿ ಶೇಕಡಾ 1.4, 75ರಲ್ಲಿ ಶೇಕಡಾ 4.6 ಎಂದು ಅಂದಾಜಿಸಿತ್ತು. ಶನಿವಾರ ಪಂದ್ಯ ಮುಗಿಸಿ ಸವಣೂರಿನ ಕಡೆಯ ಕೂಡುಕುಟುಂಬಕ್ಕೆ ಮರಳುವ ವಿದ್ಯಾರ್ಥಿಯ ವಿಷಯದಲ್ಲಿ ನೋಡಬೇಕಾದ ಅಂಕಿ ಅವನ ವಯಸ್ಸಿನದಲ್ಲ, ಪಡಸಾಲೆಯಲ್ಲಿ ಮಲಗುವ ಅಜ್ಜನ ವಯಸ್ಸಿನದು. ನಾಲ್ಕೈದು ದಿನ ಅವನು ಹೊರಗಿನ ಕಟ್ಟೆಯ ಮೇಲೆ ಹಾಸಿಕೊಂಡರೆ ಆ ಅಪಾಯ ಬಹುಪಾಲು ಇಳಿಯುತ್ತದೆ.

ಈ ಲೆಕ್ಕವೆಲ್ಲ ಕೋವಿಡ್‌ಗೆ ಹೊಂದುವಂಥದ್ದು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ 1918ರ ಇನ್‌ಫ್ಲುಯೆಂಜಾ 20ರಿಂದ 40ರ ವಯಸ್ಸಿನ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಕೊಂದಿತು. ಮುಂದೆ ಬರುವ ವೈರಾಣು ಆ ಜಾತಿಯದಾದರೆ ಮೊದಲು ತಿಳಿಯಬೇಕಾದದ್ದು ಅದು ಯಾವ ವಯಸ್ಸಿನವರನ್ನು ಕೊಲ್ಲುತ್ತದೆ ಎಂಬುದು; ಉತ್ತರ ಇಪ್ಪತ್ತರ ಆಸುಪಾಸಿನಲ್ಲಿದ್ದರೆ ಬಯಲು, ಗಾಳಿ ಎಂಬ ಈ ವಾದಗಳನ್ನೆಲ್ಲ ಬದಿಗಿಟ್ಟು ಪಂದ್ಯಾವಳಿಯನ್ನು ಮುಂದೂಡಿರೆಂದು ನಾನೇ ಬರೆಯುತ್ತೇನೆ.