ಮ್ಯಾಜಿಕಲ್ ಗರ್ಲ್‌ಗಳಿಗೆ ದನಿ ಕೊಟ್ಟೋರಿಗೆ ಸಿಕ್ಕಿದ್ದೇನು? ಸ್ಯಾಲಿಯಿಂದ ಎಐ ಕಾಲದ ತನಕ

1993ರ ಫೆಬ್ರವರಿ. ಜಪಾನ್‌ನ ಟಿವಿ ಅಸಾಹಿ ಚಾನೆಲ್‌ನಲ್ಲಿ ಮಾಯಾಶಕ್ತಿಯಿಂದ ಯೋಧೆಯರಾಗೋ ಹುಡುಗಿಯರ ಅನಿಮೆ (ಜಪಾನಿನ ಕಾರ್ಟೂನ್) ಸೇಲರ್ ಮೂನ್‌ನ ಮೊದಲನೇ ಸೀಸನ್ ಮುಗಿಯೋ ಹಂತಕ್ಕೆ ಬಂದಿತ್ತು, ಮಕ್ಕಳೆಲ್ಲ ವರ್ಷವಿಡೀ ಕಾದಿದ್ದ ಕೊನೇ ಯುದ್ಧ ಇನ್ನೇನು ಶುರುವಾಗ್ಬೇಕು, ಅಷ್ಟರಲ್ಲಿ ನಾಯಕಿ ಉಸಾಗಿ ಪಾತ್ರಕ್ಕೆ ದನಿ ಕೊಡ್ತಿದ್ದ ಕೊತೊನೊ ಮಿತ್ಸುಇಶಿ ಹುಷಾರು ತಪ್ಪಿದ್ರು. ರೆಕಾರ್ಡಿಂಗ್‌ಗೆ ಬರೋ ಸ್ಥಿತೀಲಿ ಇರ್ಲಿಲ್ಲ. ಆದ್ರೆ ವಾರದ ಶೋ ನಿಲ್ಲೋ ಹಾಗಿಲ್ಲ, 44ನೇ ಎಪಿಸೋಡಿಂದ 50ನೇದರ ತನಕ ಕಾಯೆ ಅರಾಕಿ ಅನ್ನೋ ಇನ್ನೊಬ್ಬ ಕಲಾವಿದೆ ಉಸಾಗಿಯಾಗಿ ಮಾತಾಡಿದ್ರು. ಅಂದ್ರೆ ಒಂದು ವರ್ಷ ಆ ಹುಡುಗಿಯನ್ನ ಅಳಿಸಿ ನಗಿಸಿ ಬೆಳೆಸಿದ ಕಲಾವಿದೆಗೇ ಅವಳ ಕ್ಲೈಮ್ಯಾಕ್ಸ್ ಸಿಗಲಿಲ್ಲ. ಆಮೇಲೆ ಮಿತ್ಸುಇಶಿ ವಾಪಸ್ ಬಂದ್ರು, ಅರಾಕಿಗೆ ಚಿಬಿಉಸಾ ಅನ್ನೋ ಇನ್ನೊಂದು ಪಾತ್ರ ಸಿಕ್ಕಿತು, ಕಥೆ ಸುಖಾಂತ್ಯವೇ. ಆದ್ರೂ ನಂಗೆ ಈ ಏಳು ಎಪಿಸೋಡುಗಳು ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಚಿತ್ರ ಅದೇ, ಮ್ಯೂಸಿಕ್ ಅದೇ, ದನಿ ಮಾತ್ರ ಬೇರೆ, ಮತ್ತು ಅಲ್ಲೇ ಗೊತ್ತಾಗೋದು ಅನಿಮೆ ಕಲಾವಿದರ ಪರಿಸ್ಥಿತಿ ಏನು ಅಂತ. ಅವರಿಲ್ಲದೆ ಪಾತ್ರ ಇಲ್ಲ, ಆದ್ರೆ ಅವರನ್ನ ವಾರದೊಳಗೆ ಬದಲಾಯಿಸೋಕೆ ಸಾಧ್ಯ.

ಇದರ ಹಿನ್ನೆಲೆ ತಿಳ್ಕೊಬೇಕು ಅಂದ್ರೆ 60ರ ದಶಕಕ್ಕೆ ಹೋಗ್ಬೇಕು.

ಆಗ ಜಪಾನ್‌ನ ದೊಡ್ಡ ಸಿನಿಮಾ ಕಂಪನಿಗಳು ತಮ್ಮ ಸ್ಟಾರ್‌ಗಳನ್ನ ಟಿವಿಗೆ ಬಿಡ್ತಿರ್ಲಿಲ್ಲ. ಟಿವಿಯವರಿಗೆ ತುಂಬಿಸೋಕೆ ಪ್ರೋಗ್ರಾಂ ಬೇಕು, ಹಾಗಾಗಿ ಅಮೆರಿಕದ ಸೀರಿಯಲ್‌ಗಳನ್ನ ರಾಶಿ ರಾಶಿ ತಂದು ಜಪಾನೀಸ್‌ಗೆ ಡಬ್ ಮಾಡಿ ಹಾಕ್ತಿದ್ರು, ಆ ಡಬ್ಬಿಂಗ್ ಮಾಡ್ತಿದ್ದೋರು ನಾಟಕ ತಂಡದವರು, ರೇಡಿಯೋ ನಾಟಕದವರು. ರಂಗಭೂಮಿಯಿಂದ ಹೊಟ್ಟೆ ತುಂಬಲ್ಲ ಅಂತ ಮೈಕ್ ಮುಂದೆ ಬಂದು ನಿಂತೋರು ಬಹಳ ಜನ. 1966ರಲ್ಲಿ ಹಾಗೆ ಬಂದ ಒಂದು ಸೀರಿಯಲ್ಲು ಬಿವಿಚ್ಡ್, ಮಾಟಗಾತಿ ಹೆಂಡತಿಯ ಕಾಮಿಡಿ, ಅದರ ನಾಯಕಿ ಸಮಾಂತಾಗೆ ಜಪಾನೀಸ್ ದನಿ ಹರುಕೊ ಕಿತಾಹಾಮಾ ಅವರದ್ದು. ಆ ಶೋ ಕೊಟ್ಟ ಸ್ಫೂರ್ತಿಯಿಂದ್ಲೇ ಮಿತ್ಸುತೆರು ಯೊಕೊಯಾಮಾ ಅವರ ಮಾಂಗಾ (ಜಪಾನೀಸ್ ಕಾಮಿಕ್ಸ್) ಆಧರಿಸಿ ತೋಎಯ್ ಸ್ಟುಡಿಯೋ ಅದೇ ವರ್ಷ ಡಿಸೆಂಬರ್‌ನಲ್ಲಿ ಮಾಹೋತ್ಸುಕಾಯ್ ಸ್ಯಾಲಿ ಶುರು ಮಾಡ್ತು. ಮೊದಲ 17 ಎಪಿಸೋಡು ಕಪ್ಪು ಬಿಳುಪು. ಸ್ಯಾಲಿ ಅನ್ನೋ ಪುಟ್ಟ ಮಾಯಾ ರಾಜಕುಮಾರಿಗೆ ದನಿ ಕೊಟ್ಟಿದ್ದು ಮಿಚಿಕೊ ಹಿರಾಯ್. ಇವತ್ತು ನಾವು ಮ್ಯಾಜಿಕಲ್ ಗರ್ಲ್ ಅಂತ ಕರೆಯೋ ಇಡೀ ಪರಂಪರೆಯ ಮೊದಲ ದನಿ ಅವರದ್ದು, ಆದ್ರೆ ಹೆಸರು ಎಷ್ಟು ಜನ ಫ್ಯಾನ್‌ಗಳಿಗೆ ಗೊತ್ತು ಹೇಳಿ. 1984ರಲ್ಲೇ ತೀರಿಕೊಂಡ್ರು. 1989ರಲ್ಲಿ ಸ್ಯಾಲಿ ಹೊಸದಾಗಿ ಬಂದಾಗ ಆ ಪಾತ್ರಕ್ಕೆ ಬೇರೆ ದನಿ ಬಂತು.

1969ರಲ್ಲಿ ಬಂದ ಅಕ್ಕೋ-ಚಾನ್ ಈ ಲೋಕಕ್ಕೆ ಇನ್ನೊಂದು ವಿಷಯ ಸೇರಿಸ್ತು, ಆಟಿಕೆ. ಅಕ್ಕೋ ಹತ್ರ ಒಂದು ಮಾಯಾ ಕನ್ನಡಿ ಡಬ್ಬಿ ಇರುತ್ತೆ, ಅದನ್ನ ನೋಡಿ ಮಂತ್ರ ಹೇಳಿದ್ರೆ ಬೇಕಾದ ರೂಪ ತಾಳಬಹುದು. ಅಂಥದ್ದೇ ಡಬ್ಬಿ ಅಂಗಡಿಗೆ ಬಂತು, ಹೆಣ್ಮಕ್ಕಳು ಮುಗಿಬಿದ್ದು ತಗೊಂಡ್ರು. ಅಲ್ಲಿಂದ ಇವತ್ತಿನ ತನಕ ಈ ಥರದ ಶೋಗಳು ನಿಂತಿರೋದು ಬಹುಪಾಲು ಆಟಿಕೆ ಸ್ಪಾನ್ಸರ್ ದುಡ್ಡಿನ ಮೇಲೇನೇ, ದಂಡ, ಲಾಕೆಟ್, ಮೊಬೈಲ್ ಥರದ್ದು, ಏನೇ ಬಂದ್ರೂ ಮೊದಲು ಟಿವೀಲಿ ಹೊಳೀಬೇಕು ಆಮೇಲೆ ಅಂಗಡೀಲಿ. ಮಗು ಮನೇಲಿ ಡಬ್ಬಿ ತೆಗೆದು ಮಂತ್ರ ಹೇಳ್ತಿದ್ದಿದ್ದು ಅಕ್ಕೋಗೆ ದನಿ ಕೊಟ್ಟ ಯೊಶಿಕೊ ಓತಾ ಹೇಳಿದ ಧಾಟೀಲೇ. ಆದ್ರೆ ಆ ಓತಾಗೂ (ಜಂಗಲ್ ಎಂಪರರ್‌ನ ಲಿಯೋ, ಪ್ರಿನ್ಸೆಸ್ ನೈಟ್‌ನ ಸಫೈರ್ ಕೂಡ ಇವರೇ) ಆಟಿಕೆ ಮಾರಾಟದ ಲೆಕ್ಕಕ್ಕೂ ಸಂಬಂಧ ಇಲ್ಲ, ಎಪಿಸೋಡಿಗಿಷ್ಟು ಅಂತ ಸಂಭಾವನೆ, ಅಷ್ಟೇ.

ಆ ಸಂಭಾವನೆ ಎಷ್ಟು ಕಮ್ಮಿ ಇತ್ತು ಅಂದ್ರೆ 1973ರ ಆಗಸ್ಟ್‌ನಲ್ಲಿ ಧ್ವನಿ ಕಲಾವಿದರು ಟೋಕಿಯೋದಲ್ಲಿ ಬೀದಿಗೆ ಇಳಿದ್ರು. 24 ಗಂಟೆ ಸ್ಟ್ರೈಕ್. ಟಿವೀಲಿ ದಿನಾ ಕೇಳೋ ದನಿಗಳು ಬೋರ್ಡ್ ಹಿಡ್ಕೊಂಡು ಮೆರವಣಿಗೆ ಹೊರಟ್ರೆ ಹೇಗಿರುತ್ತೆ ಯೋಚನೆ ಮಾಡಿ. ಕಲಾವಿದರ ಯೂನಿಯನ್ ನಿಪ್ಪೈರೆನ್ ಜೊತೆ ಮಾತುಕತೆ ಆಗಿ ರೇಟು ಮೂರು ಪಟ್ಟಿಗೂ ಹೆಚ್ಚಾಯ್ತು. ಅನಿಮೆ ಇತಿಹಾಸ ಹೇಳೋರು ಡೈರೆಕ್ಟರ್‌ಗಳ ಬಗ್ಗೆ ಪುಟಗಟ್ಟಲೆ ಬರೀತಾರೆ, ಈ ಒಂದು ದಿನದ ಬಗ್ಗೆ ಒಂದು ಸಾಲೂ ಇರಲ್ಲ, ನನ್ನ ಪ್ರಕಾರ ಇದು ಯಾವ ಹಿಟ್ ಶೋಗೂ ಕಮ್ಮಿ ಇಲ್ಲದ ಘಟನೆ. ಅದಾಗಿ ಎರಡೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ ಕ್ಯೂಟಿ ಹನಿ ಶುರುವಾಯ್ತು, ಗೋ ನಾಗಾಯ್ ಅವರದ್ದು, ವೇಷ ಬದಲಿಸಿ ಹೊಡೆದಾಡೋ ನಾಯಕಿ, ದನಿ ಎಯ್ಕೊ ಮಸುಯಾಮಾ. ಮುಂದೆ ಬರೋ ಸೇಲರ್ ಮೂನ್ ಥರದ ಯೋಧೆಯರಿಗೆ ಬೇರು ಇದೇ.

ಈಗಲೂ ನಡೀತಿರೋ ರ‍್ಯಾಂಕ್ ಪದ್ಧತಿ ಬಗ್ಗೆ ಇಲ್ಲಿ ಹೇಳ್ಬೇಕು, ಇದು ಗೊತ್ತಿಲ್ಲದೆ ಮಿಕ್ಕಿದ್ದು ಅರ್ಥ ಆಗಲ್ಲ. ಯೂನಿಯನ್ ಒಪ್ಪಂದದಲ್ಲಿ ಪ್ರತಿ ಕಲಾವಿದರಿಗೂ ಒಂದು ರ‍್ಯಾಂಕ್ ಇರುತ್ತೆ, ಅರ್ಧ ಗಂಟೆಯ ಒಂದು ಎಪಿಸೋಡಿಗೆ ಹೊಸಬರಿಗೆ 15,000 ಯೆನ್, ಅಂದ್ರೆ ನಮ್ಮ ಲೆಕ್ಕದಲ್ಲಿ ಎಂಟು-ಒಂಬತ್ತು ಸಾವಿರ ರೂಪಾಯಿ, ಅನುಭವ ಆದಂಗೆ ಮೇಲಕ್ಕೆ 45,000 ಯೆನ್ ತನಕ. ಎಷ್ಟು ಡೈಲಾಗ್ ಅನ್ನೋದು ಲೆಕ್ಕಕ್ಕಿಲ್ಲ. ಇಪ್ಪತ್ತು ನಿಮಿಷ ಕಿರುಚಿ ಅತ್ತು ಕುಣಿದ ನಾಯಕಿಗೂ, ಅಂಗಡಿಯವಳಾಗಿ ಒಂದು ಸಾಲು ಹೇಳಿ ಹೋದೋರಿಗೂ ರ‍್ಯಾಂಕ್ ಒಂದೇ ಆದ್ರೆ ಮೂಲ ದುಡ್ಡೂ ಒಂದೇ. ಸಣ್ಣ ಪಾತ್ರದೋರಿಗೆ ಇದು ರಕ್ಷಣೆ, ನಿಜ. ಆದ್ರೆ ಹೊಸ ಹುಡುಗಿಗೆ ದೊಡ್ಡ ಶೋದ ಮುಖ್ಯ ಪಾತ್ರ ಸಿಕ್ಕಿದ್ರೂ ತಿಂಗಳಿಗೆ ನಾಲ್ಕು ಎಪಿಸೋಡು, ಅದರಲ್ಲಿ ಏಜೆನ್ಸಿ ಪಾಲು, ಟ್ಯಾಕ್ಸ್ ಕಳೆದ್ರೆ ಟೋಕಿಯೋದಲ್ಲಿ ಮನೆ ಬಾಡಿಗೆ ಕಟ್ಟೋಕೂ ಕಷ್ಟ. ಅದಕ್ಕೇ ಹಾಡು, ಕಾರ್ಯಕ್ರಮ, ರೇಡಿಯೋ, ಗೇಮ್ ಅಂತ ಹತ್ತು ಕಡೆ ಓಡೋದು.

ಹಾಡಿನ ಕಡೆ ಬಾಗಿಲು ತೆಗೆದಿದ್ದು 1983ರ ಕ್ರೀಮಿ ಮಾಮಿ. (ಹಿಂದಿನ ವರ್ಷ ಮಾಮಿ ಕೊಯಾಮಾ ದನಿಯ ಮಿಂಕಿ ಮೋಮೋ ಬಂದು ಈ ಥರದ ಕಥೆಗಳಿಗೆ ಮತ್ತೆ ಜೀವ ಕೊಟ್ಟಿತ್ತು.) ಸ್ಟುಡಿಯೋ ಪಿಯೆರೋ ಮಾಡಿದ ಈ ಶೋದಲ್ಲಿ ಯೂ ಅನ್ನೋ ಹತ್ತು ವರ್ಷದ ಹುಡುಗಿ ಮಾಯಾಶಕ್ತಿಯಿಂದ ಹದಿಹರೆಯದ ಪಾಪ್ ಸ್ಟಾರ್ ಕ್ರೀಮಿ ಮಾಮಿ ಆಗ್ತಾಳೆ. ಅದಕ್ಕೆ ಅವರು ಆರಿಸಿದ್ದು ಪಳಗಿದ ಧ್ವನಿ ಕಲಾವಿದೆಯನ್ನಲ್ಲ, ಸ್ಟಾರ್ ತಾಂಜೋ ಅನ್ನೋ ಟಿವಿ ಪ್ರತಿಭಾ ಸ್ಪರ್ಧೆಯಿಂದ ಬಂದ ಹೊಸ ಗಾಯಕಿ ತಕಾಕೊ ಓತಾ ಅವರನ್ನ. ಶೋದ ಓಪನಿಂಗ್ ಹಾಡೇ ಅವರ ಮೊದಲ ಸಿಂಗಲ್. ಕಥೇಲಿ ಮಾಮಿ ಮೊದಲ ಹಾಡು ಹಾಡ್ತಾಳೆ, ಹೊರಗಡೆ ಓತಾ ಮೊದಲ ಹಾಡು ಅಂಗಡಿಗೆ ಬರುತ್ತೆ. ನಟನೆ ಅವರು ಮೈಕ್ ಮುಂದೇನೇ ಕಲಿತಿದ್ದು, ಶುರುವಿನ ಎಪಿಸೋಡುಗಳಲ್ಲಿ ಮಾತು ಸ್ವಲ್ಪ ಬಿಗಿ ಇದೆ, 52ನೇ ಎಪಿಸೋಡಿಗೆ ಬರೋವಷ್ಟರಲ್ಲಿ ಯೂನ ಕೊನೇ ಕಾನ್ಸರ್ಟಲ್ಲಿ ಆ ದನಿ ಎಷ್ಟು ತುಂಬಿ ಬರುತ್ತೆ ಅಂದ್ರೆ ಹುಡುಗಿ ನಿಜವಾಗ್ಲೂ ವಿದಾಯ ಹೇಳ್ತಿದಾಳೆ ಅನ್ಸುತ್ತೆ. ನಂಗೆ ಆ ಬೆಳವಣಿಗೇನೇ ಈ ಶೋದ ದೊಡ್ಡ ಸೊಗಸು. ಅನಿಮೆ, ಹಾಡು, ಕಲಾವಿದೆ ಮೂರನ್ನೂ ಒಟ್ಟಿಗೆ ಮಾರೋ ದಾರಿ ಇಲ್ಲಿಂದ ಗಟ್ಟಿಯಾಯ್ತು.

ಆಮೇಲೆ 1992ರ ಮಾರ್ಚ್ 7, ಸೇಲರ್ ಮೂನ್. ಐದು ಸೀಸನ್, 200 ಎಪಿಸೋಡು, 1997ರ ಫೆಬ್ರವರಿ ತನಕ. ಮಿತ್ಸುಇಶಿ ಈ ಕ್ಷೇತ್ರಕ್ಕೆ ಬರೋ ಮುಂಚೆ ಟೋಕಿಯೋದ ಸನ್‌ಶೈನ್ 60 ಬಿಲ್ಡಿಂಗ್‌ನಲ್ಲಿ ಲಿಫ್ಟ್ ನಡೆಸೋ ಕೆಲಸ ಮಾಡ್ಕೊಂಡು ನಟನೆ ಕಲೀತಿದ್ದೋರು. ಅವರ ಜೊತೆ ಅಯಾ ಹಿಸಾಕಾವಾ, ಮಿಚಿಎ ತೊಮಿಜಾವಾ, ಎಮಿ ಶಿನೊಹಾರಾ, ರಿಕಾ ಫುಕಾಮಿ. ಐದು ಹುಡುಗಿಯರು ಒಟ್ಟಿಗೆ ಮಾತಾಡೋ ಸೀನ್‌ಗಳಲ್ಲಿ ಒಬ್ಬರ ಮಾತಿನ ಬಾಲ ಇನ್ನೊಬ್ಬರು ಹಿಡಿಯೋದು, ನಗು ಒಬ್ಬರಿಂದ ಒಬ್ಬರಿಗೆ ಹರಡೋದು ಕೇಳಿಸ್ಕೊಳಿ, ಅದು ಬೇರೆ ಬೇರೆ ದಿನ ಬಂದು ಹೇಳಿ ಹೋದ ಡೈಲಾಗ್ ಥರ ಇಲ್ವೇ ಇಲ್ಲ. ಯಾಕಂದ್ರೆ ಜಪಾನ್‌ನಲ್ಲಿ ವಾಡಿಕೆ ಏನಂದ್ರೆ ಚಿತ್ರ ಮೊದಲು, ದನಿ ಆಮೇಲೆ, ಮತ್ತು ಇಡೀ ಪಾತ್ರವರ್ಗ ಒಂದೇ ಸ್ಟುಡಿಯೋದಲ್ಲಿ. ಮೂರ್ನಾಲ್ಕು ಮೈಕ್ ಇರುತ್ತೆ, ಹತ್ತಾರು ಜನ ಇರ್ತಾರೆ, ಸ್ಕ್ರಿಪ್ಟ್ ಹಾಳೆ ಸದ್ದಾಗದಂಗೆ ತಿರುಗಿಸ್ತಾ, ತಮ್ಮ ಸರದಿಗೆ ಮೈಕ್ ಹತ್ರ ಬಂದು ಹೇಳಿ ಇನ್ನೊಬ್ಬರಿಗೆ ಜಾಗ ಬಿಟ್ಟು ಹಿಂದೆ ಸರೀತಾರೆ, ಎದುರಿಗೆ ಸ್ಕ್ರೀನ್‌ನಲ್ಲಿ ಎಷ್ಟೋ ಸಲ ಚಿತ್ರ ಪೂರ್ತಿ ಆಗಿರೋದೇ ಇಲ್ಲ, ಬರೀ ಪೆನ್ಸಿಲ್ ಗೆರೆ. ವೇಷ ಬದಲಾಗೋ ಸೀನು ಒಂದ್ಸಲ ಚಂದವಾಗಿ ಬಿಡಿಸಿಟ್ಕೊಂಡು ವಾರವಾರವೂ ಅದನ್ನೇ ಹಾಕ್ತಾರೆ, ಖರ್ಚು ಉಳಿಯುತ್ತೆ. ಹಾಗಾಗಿ ಈ ವಾರದ ಉಸಾಗಿಯನ್ನ ಹೋದ ವಾರದೋಳಿಗಿಂತ ಒಂಚೂರು ದೊಡ್ಡೋಳನ್ನಾಗಿ ಮಾಡೋ ಹೊಣೆಯಲ್ಲಿ ದೊಡ್ಡ ಪಾಲು ದನಿಯದ್ದೇ.

1994ರಲ್ಲಿ ಧ್ವನಿ ಕಲಾವಿದರಿಗೇ ಅಂತ ಸೇಯೂ ಗ್ರಾಂ ಪ್ರಿ ಮ್ಯಾಗಜೀನ್ ಶುರುವಾಯ್ತು, ಮುಖಗಳು ಕವರ್ ಪೇಜಿಗೆ ಬಂದ್ವು. ಇದರ ತುತ್ತತುದಿ ನೋಡ್ಬೇಕಂದ್ರೆ ನಾನಾ ಮಿಜುಕಿ. ಚಿಕ್ಕಂದಿನಿಂದ ಎಂಕಾ (ಜಪಾನಿನ ಹಳೇ ಧಾಟಿಯ ಭಾವಗೀತೆ) ಹಾಡು ಕಲಿತು ಬಂದೋರು, 2004ರ ಲಿರಿಕಲ್ ನಾನೋಹಾದಲ್ಲಿ ಫೇಟ್ ಪಾತ್ರ, ಓಪನಿಂಗ್ ಹಾಡೂ ಅವರದ್ದೇ, 2009ರಲ್ಲಿ ವರ್ಷದ ಕೊನೇ ರಾತ್ರಿ ಇಡೀ ಜಪಾನ್ ನೋಡೋ ಎನ್‌ಎಚ್‌ಕೆಯ ಕೊಹಾಕು ವೇದಿಕೆ, 2010ರಲ್ಲಿ ಹಾರ್ಟ್‌ಕ್ಯಾಚ್ ಪ್ರೀಕ್ಯೂರ್ ನಾಯಕಿ, 2011ರಲ್ಲಿ ಟೋಕಿಯೋ ಡೋಮ್ ಕಾನ್ಸರ್ಟ್. ಇದೆಲ್ಲ ಹೆಮ್ಮೆ ಪಡೋ ವಿಷಯವೇ. ಆದ್ರೆ ಇದೇ ಕಾರಣಕ್ಕೆ ಹೊಸ ಹುಡುಗಿಯರು ಚೆನ್ನಾಗಿ ನಟಿಸಿದ್ರೆ ಸಾಲದು, ಹಾಡ್ಬೇಕು, ಕುಣೀಬೇಕು, ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು ಅನ್ನೋದೂ ಬಂತು. ಮುಖ ಕಾಣದ ಕೆಲಸ, ವಯಸ್ಸು ಮುಖ್ಯ ಅಲ್ಲದ ಕೆಲಸ ಅನ್ನೋದೇ ಇದರ ದೊಡ್ಡ ಸ್ವಾತಂತ್ರ್ಯ ಆಗಿತ್ತು, ಅದು ಕಮ್ಮಿ ಆಗ್ತಿರೋದು ನೋಡಿ ನಂಗೆ ಬೇಜಾರಾಗುತ್ತೆ. ಕಾರ್ಡ್‌ಕ್ಯಾಪ್ಟರ್ ಸಕುರಾಗೆ (1998ರಿಂದ 2000) ದನಿ ಕೊಟ್ಟ ಸಕುರಾ ತಾಂಗೆ ಆ ಯಶಸ್ಸಿನ ನಂತರ ಈ ಕೆಲಸದಿಂದಲೇ ದೂರ ಹೋಗಿ ಎಷ್ಟೋ ವರ್ಷ ಆದ್ಮೇಲೆ ಮರಳಿ ಬಂದ್ರು, 2018ರ ಕ್ಲಿಯರ್ ಕಾರ್ಡ್‌ನಲ್ಲಿ ಅದೇ ಸಕುರಾ ಆದ್ರು, ಮತ್ತು ದನಿ ಕೇಳಿದ್ರೆ ನಡುವೆ ಹದಿನೆಂಟು ವರ್ಷ ಕಳೆದಿದೆ ಅಂತ ನಂಬೋಕಾಗಲ್ಲ.

ಪ್ರೀಕ್ಯೂರ್ ಬಂದಿದ್ದು 2004ರ ಫೆಬ್ರವರಿ 1ಕ್ಕೆ. ಹೆಣ್ಮಕ್ಕಳಿಗೂ ಜೋರಾಗಿ ಹೊಡೆದಾಡೋ ಆಸೆ ಇರುತ್ತೆ ಅನ್ನೋದು ಪ್ರೊಡ್ಯೂಸರ್ ತಕಾಶಿ ವಾಶಿಯೊ ಯೋಚನೆ, ಡೈರೆಕ್ಟರ್ ದೈಸುಕೆ ನಿಶಿಯೊ ಡ್ರ್ಯಾಗನ್ ಬಾಲ್ ಝಡ್ ಮಾಡಿದ್ದೋರು. ಯೋಕೊ ಹೊನ್ನಾ, ಯುಕಾನಾ ಇಬ್ಬರೂ ಕೈ ಕೈ ಹಿಡಿದ ಇಬ್ಬರು ಹುಡುಗಿಯರಿಗೆ ಕೊಟ್ಟಿದ್ದು ಮಂತ್ರದ ಮೆಲುದನಿ ಅಲ್ಲ, ಏಟು ಕೊಡೋ ಏಟು ತಿನ್ನೋ ಉಸಿರು. ಆ ಸರಣಿ ಇನ್ನೂ ನಡೀತಿದೆ, ಬಹುತೇಕ ವರ್ಷಕ್ಕೊಂದು ಹೊಸ ತಂಡ, ಅಂದ್ರೆ ಕಲಾವಿದೆಯರಿಗೆ ಫೆಬ್ರವರಿಯಿಂದ ಜನವರಿ ತನಕ ಒಂದು ವರ್ಷದ ಕೆಲಸ, ಆಮೇಲೆ ಸಿನಿಮಾಗೆ ಕರೆದಾಗ ಬರೋದು. 2023ರಲ್ಲಿ ಅಯುಮು ಮುರಾಸೆ ದನಿಯ ಕ್ಯೂರ್ ವಿಂಗ್ ಮೂಲಕ ತಂಡಕ್ಕೆ ಮೊದಲ ಸಲ ಕಾಯಂ ಹುಡುಗ ಬಂದ. ಇನ್ನು 2011ರ ಮಡೋಕಾ ಮಾಜಿಕಾ. ಅದರ ನಾಯಕಿಗೆ ದನಿ ಕೊಟ್ಟ ಆಓಯ್ ಯೂಕಿ ಹುಟ್ಟಿದ್ದು 1992ರ ಮಾರ್ಚ್‌ನಲ್ಲಿ, ಸೇಲರ್ ಮೂನ್ ಶುರುವಾದ ತಿಂಗಳು. ಮಾಯಾಶಕ್ತಿ ಕೊಡೋಕೆ ಒಪ್ಪಂದ ಮಾಡ್ಕೊ ಅನ್ನೋ ಕ್ಯೂಬೇ ಎಂಬ ಪುಟ್ಟ ಪ್ರಾಣಿಯ ಬಾಯಿ ಆಡೋದೇ ಇಲ್ಲ, ಆ ನಿರ್ಭಾವ ಭಯ ಪೂರ್ತಿ ಎಮಿರಿ ಕಾತೋ ದನಿಯದ್ದು.

2014ರಲ್ಲಿ ಸೇಲರ್ ಮೂನ್ ಕ್ರಿಸ್ಟಲ್ ಅಂತ ಹೊಸದಾಗಿ ಮಾಡಿದಾಗ ಐವರಲ್ಲಿ ಮಿತ್ಸುಇಶಿ ಒಬ್ಬರನ್ನೇ ಉಳಿಸ್ಕೊಂಡ್ರು. ಹೊಸಬರು ಕೆಟ್ಟದಾಗಿ ಮಾಡಿದ್ರು ಅಂತಲ್ಲ, ಅಮಿ ಕೊಶಿಮಿಜು, ಹಿಸಾಕೊ ಕನೆಮೊತೊ ಇಬ್ಬರೂ ಪ್ರೀಕ್ಯೂರ್ ಆಗಿದ್ದೋರೇ, ಒಳ್ಳೇ ಕಲಾವಿದರು. ಆದ್ರೆ ಐದು ವರ್ಷ ಒಂದೇ ಸ್ಟುಡಿಯೋದಲ್ಲಿ ನಿಂತು ಕಟ್ಟಿದ್ದನ್ನ ಇನ್ನೊಂದ್ಸಲ ಕೇಳೋ ಅವಕಾಶ ನಮಗೆ ತಪ್ಪಿತು. 2024ರ ಸೆಪ್ಟೆಂಬರ್‌ನಲ್ಲಿ ಸೇಲರ್ ಜ್ಯೂಪಿಟರ್‌ನ ಎಮಿ ಶಿನೊಹಾರಾ 61ನೇ ವಯಸ್ಸಿಗೆ ತೀರಿಕೊಂಡ್ರು. ಅದೇ ವರ್ಷ ಮೇನಲ್ಲಿ ಕ್ಯೂಟಿ ಹನಿಯ ಎಯ್ಕೊ ಮಸುಯಾಮಾ ತೀರಿಕೊಂಡಿದ್ರು.

ಇತ್ತೀಚಿನ ವರ್ಷಗಳಲ್ಲಿ ಹಳೇ ಪ್ರಶ್ನೆಗಳು ಹೊಸ ರೂಪದಲ್ಲಿ ಬಂದಿವೆ. ಕೋವಿಡ್ ಟೈಮಲ್ಲಿ ಎಲ್ಲರೂ ಒಂದೇ ರೂಮಲ್ಲಿ ನಿಲ್ಲೋದು ನಿಂತು, ಇಬ್ಬರು ಮೂವರು ಅಂತ ಬಿಡಿ ಬಿಡಿ ರೆಕಾರ್ಡಿಂಗ್ ಶುರುವಾಯ್ತು, ಹಿರಿಯರ ಪಕ್ಕ ನಿಂತು ಕಲಿಯೋದು ಹೊಸಬರಿಗೆ ತಪ್ಪಿತು. 2023ರ ಅಕ್ಟೋಬರ್‌ನಲ್ಲಿ ಇನ್‌ವಾಯ್ಸ್ ಟ್ಯಾಕ್ಸ್ ಪದ್ಧತಿ ಬಂತು, ಸಣ್ಣ ಆದಾಯದ ಫ್ರೀಲಾನ್ಸರ್‌ಗಳ ಮೇಲೂ ಹೊರೆ ಬೀಳೋ ಥರದ್ದು, ಅದನ್ನ ವಿರೋಧಿಸಿ ಧ್ವನಿ ಕಲಾವಿದರು ಕಟ್ಟಿಕೊಂಡ ವಾಯ್ಕ್‌ಷನ್ ಗುಂಪು ಸರ್ವೆ ಮಾಡಿದಾಗ ಉತ್ತರ ಕೊಟ್ಟೋರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ವರ್ಷದ ಆದಾಯ 30 ಲಕ್ಷ ಯೆನ್ ದಾಟಿರಲಿಲ್ಲ, ನಾಲ್ವರಲ್ಲಿ ಒಬ್ಬರು ಕೆಲಸ ಬಿಡೋ ಯೋಚನೇಲಿದ್ರು. ಕಾನ್ಸರ್ಟ್ ಲೈಟು ನೋಡಿದೋರಿಗೆ ಈ ಕಡೆ ಕಾಣಲ್ಲ.

ಈಗ ಎಐ. ಒಬ್ಬರ ದನಿ ಸ್ವಲ್ಪ ಸಿಕ್ಕಿದ್ರೆ ಸಾಕು, ಅವರು ಯಾವತ್ತೂ ಹೇಳದ ಮಾತನ್ನ ಅವರ ದನೀಲಿ ಹೇಳಿಸಬಹುದು. 2024ರ ಅಕ್ಟೋಬರ್‌ನಲ್ಲಿ ರ‍್ಯೂಸೇ ನಾಕಾವೊ, ಕೋಯಿಚಿ ಯಮಾದೆರಾ, ರೋಮಿ ಪಾರ್ಕ್ ಸೇರಿ 26 ಕಲಾವಿದರು ಅನುಮತಿ ಇಲ್ಲದೆ ಎಐ ದನಿ ತಯಾರಿಸೋದು ಬೇಡ ಅಂತ ವಿಡಿಯೋ ಮಾಡಿ ಬಿಟ್ರು. ಮುಂದಿನ ತಿಂಗಳು ಯೂನಿಯನ್ ಮತ್ತೆ ಏಜೆನ್ಸಿ ಸಂಘಟನೆಗಳು ಒಟ್ಟಾಗಿ, ಅನಿಮೆ ಮತ್ತು ವಿದೇಶಿ ಡಬ್ಬಿಂಗ್‌ನ ನಟನೆಗೆ ಎಐ ಬಳಸ್ಬಾರ್ದು, ಬೇರೆ ಕಡೆ ಬಳಸೋದಾದ್ರೂ ಒಪ್ಪಿಗೆ ತಗೋಬೇಕು, ಎಐ ಅಂತ ಹೇಳ್ಬೇಕು ಅಂತ ಕೇಳಿದ್ವು. ಕಾನೂನಿನ ವಿಷಯ ಇನ್ನೂ ಬಿಗಿಯಾಗಿಲ್ಲ. ರೆಕಾರ್ಡ್ ಆದ ನಟನೆ ಮೇಲೆ ಕಲಾವಿದರಿಗೆ ಹಕ್ಕಿದೆ, ಆದ್ರೆ ದನಿಯ ಗುಣದ ಮೇಲೆ, ಅಂದ್ರೆ ಕೇಳಿದ ಕೂಡಲೇ ಇದು ಇಂಥೋರದ್ದು ಅನ್ಸೋ ಆ ಛಾಪಿನ ಮೇಲೆ ಸ್ಪಷ್ಟ ಕಾಯ್ದೆ ಇಲ್ಲ. ಹತ್ತಿರಕ್ಕೆ ಬರೋದು 2012ರ ಸುಪ್ರೀಂ ಕೋರ್ಟ್ ತೀರ್ಪು, ಅದು ಪಿಂಕ್ ಲೇಡಿ ಗಾಯಕಿಯರ ಕೇಸು (ತಕಾಕೊ ಓತಾ ಬಂದ ಅದೇ ಸ್ಟಾರ್ ತಾಂಜೋದಿಂದ ಬಂದೋರು), ಮ್ಯಾಗಜೀನ್‌ನೋರು ಕೇಳದೆ ಫೋಟೋ ಹಾಕಿದ್ರು ಅಂತ. ಗಾಯಕಿಯರು ಕೇಸ್ ಸೋತ್ರು, ಆದ್ರೆ ಪ್ರಸಿದ್ಧ ವ್ಯಕ್ತಿಯ ಹೆಸರು, ರೂಪಕ್ಕೆ ಜನರನ್ನ ಸೆಳೆಯೋ ಬೆಲೆ ಇದೆ, ಅದರ ಮೇಲೆ ಅವರಿಗೆ ಹಕ್ಕಿದೆ ಅಂತ ಕೋರ್ಟ್ ಒಪ್ಪಿಕೊಂಡಿತು. ಆ ಹಕ್ಕು ದನಿಗೂ ಸಲ್ಲಬೇಕು ಅನ್ನೋದು ಈಗಿನ ವಾದ, ನಂದೂ ಅದೇ ಅಭಿಪ್ರಾಯ. ಹೊಸಬರ ಹತ್ರ ಕೇಸ್ ಹಾಕೋಕೆ ದುಡ್ಡಿರಲ್ಲ, ಹೆಸರು ಮಾಡಿರದ ದನಿಗೆ ಈ ತೀರ್ಪು ಎಷ್ಟು ನೆರವಾಗುತ್ತೋ ಅನ್ನೋದೂ ಅನುಮಾನ, ಹಾಗಾಗಿ 1973ರ ಥರಾನೇ ಈ ಸಲವೂ ಯೂನಿಯನ್ ಒಪ್ಪಂದದಲ್ಲೇ ಇದನ್ನ ಬರೆಸ್ಕೊಬೇಕು, 15,000 ಯೆನ್ ರ‍್ಯಾಂಕಿನೋರಿಗೂ ಸೇರಿಸಿ.